ಮೊದಲ ಪಂಕ್ತಿಯ ಮಕ್ಕಳು

ಶಾಲೆಯ ಅಡುಗೆಮನೆಯಲ್ಲಿ ನಾನೂ ವರ್ಲೀನೂ ಅಕ್ಕಪಕ್ಕ ನಿಂತು ಹನ್ನೊಂದು ವರ್ಷ ಬಡಿಸಿದ್ದೇವೆ. ಅವಳ ಕೈಯಲ್ಲಿ ಕಿವುಚಿದ ಆಲೂಗಡ್ಡೆ, ನನ್ನ ಕೈಯಲ್ಲಿ ಹುರುಳಿಕಾಯಿ. ಮಧ್ಯಾಹ್ನ ಎರಡು ಪಂಕ್ತಿ. ಮೊದಲ ಪಂಕ್ತಿಯವರು ಹುರುಳಿಕಾಯಿ ಮುಟ್ಟುವುದಿಲ್ಲ ಎನ್ನುವುದೊಂದೇ ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು. ವರ್ಲೀನ್ ಕಂಡದ್ದು ಬೇರೆ.

"ಕ್ಲಾಡೆಟ್, ಈಗ ಹೋದ್ರಲ್ಲ ಏಳನೇ ಕ್ಲಾಸಿನ ಮಕ್ಳು, ಇಪ್ಪತ್ತೆಂಟು ಜನ. ಅದರಲ್ಲಿ ನಮ್ಮ ಕರಿಯರ ಮಕ್ಳೆಷ್ಟು?"

"ಪಾದ್ರಿ ಮಗ ಒಬ್ಬ."

"ಸ್ಕೂಲಲ್ಲಿ ಅರ್ಧಕ್ಕರ್ಧ ನಮ್ಮ ಮಕ್ಳೇ. ಮಿಕ್ಕೋರೆಲ್ಲಿ?"

"ಎರಡನೇ ಪಂಕ್ತೀಲಿ ಬರ್ತಾರೆ. ಬಡಿಸೇ ತಾಯಿ, ಸಾಲು ನಿಂತಿದೆ."

ಬಡಿಸಿದಳು, ಆದರೆ ಬಿಡಲಿಲ್ಲ. ಮೊದಲು ಉಣ್ಣುವವರು ಆಯ್ದ ಮಕ್ಕಳಿಗೆಂದೇ ಇರುವ ಮೇಲ್ಮಟ್ಟದ ಗಣಿತದ ಕೋಣೆಯವರು ಎಂದು ಎರಡೇ ದಿನದಲ್ಲಿ ಪತ್ತೆ ಮಾಡಿದಳು. ಆ ಕೋಣೆಯಲ್ಲಿ ಕೂತವರಿಗೆ ಬೀಜಗಣಿತ ಬೇಗ ಸಿಗುತ್ತದೆ, ಅದು ಸಿಕ್ಕವರಿಗೇ ಮುಂದೆ ಒಳ್ಳೆಯ ಕಾಲೇಜು. ಮುಂದಿನ ವರ್ಷದ ಪಟ್ಟಿ ಆಗಲೇ ಗೋಡೆಯ ಮೇಲಿತ್ತು. ಆರನೇ ತರಗತಿ ಮುಗಿಸುತ್ತಿದ್ದ ಅವಳ ಮೊಮ್ಮಗಳು ಜಿಪೋರಾಗೆ ರಾಜ್ಯದ ಪರೀಕ್ಷೆಯಲ್ಲಿ ತೊಂಬತ್ತೊಂದು ಬಂದಿತ್ತು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಅಡುಗೆಮನೆಯಲ್ಲಿ ಕೂದಲಿಗೆ ಹಾಕುವ ಬಲೆಯನ್ನೂ ಬಿಚ್ಚದೆ ವರ್ಲೀನ್ ಉಪಪ್ರಾಂಶುಪಾಲರ ಕೋಣೆಗೆ ನುಗ್ಗಿದಳು. ಅವಳು ಬೈದು ಕೆಲಸ ಕಳೆದುಕೊಂಡಾಳೆಂದು ನಾನೂ ಹಿಂದೆಯೇ ಓಡಿದೆ.

"ಆ ಪಟ್ಟಿ ಟೀಚರ್‌ಗಳ ಶಿಫಾರಸು," ಎಂದರು ಆತ. "ಜಿಪೋರಾ ಒಳ್ಳೆ ಹುಡುಗಿ, ಸೌಮ್ಯ ಸ್ವಭಾವ. ಅವಳ ಮೇಲೆ ಯಾಕೆ ಸುಮ್ನೆ ಭಾರ ಹೊರಿಸ್ತೀರಿ?"

"ಭಾರ ಹೊರೋದು ನಮಗೆ ಹೊಸದಾ, ಸಾರ್? ಬೇರೆ ದಾರಿ ಇದ್ಯಾ ಇಲ್ವಾ ಹೇಳಿ."

"ಆಗಸ್ಟಲ್ಲಿ ಒಂದು ಪರೀಕ್ಷೆ ಇದೆ. ಮನೆಯವರು ಅರ್ಜಿ ಹಾಕ್ಬೇಕು. ಕೇಳಿದವರಿಗೆ ಕೊಡ್ತೀವಿ."

"ಕೇಳ್ಬೇಕು ಅಂತ ಯಾರ ಮನೆಗೆ ಹೇಳಿ ಕಳಿಸಿದ್ರಿ?"

ಆತ ಮೇಜಿನ ಖಾನೆ ಎಳೆದು ಒಂದು ಅರ್ಜಿ ತೆಗೆದರು. ವರ್ಲೀನ್ ಕೈಚಾಚಿದಳು. "ಒಂದು ಬೇಡ. ಒಂದು ಕಟ್ಟು ಕೊಡಿ."

ಬಿಳಿಯರ ಮನೆಯ ತಾಯಂದಿರಿಗೆ ಈ ಅರ್ಜಿಯ ವಿಷಯ ವರ್ಷಗಳಿಂದ ಗೊತ್ತಿತ್ತಂತೆ. ಕೇಳಿ ನನ್ನ ಮೈ ಉರಿಯಿತು. ಆದರೆ ಉರಿದು ಸುಮ್ಮನಾಗುವುದು ನನ್ನ ಜಾಯಮಾನ.

ಅಷ್ಟೆಲ್ಲ ಮಾಡಿದರೆ ಜಿಪೋರಾಳೇ ತಕರಾರು ತೆಗೆದಳು. "ಒಬ್ಳೇ ಹೋಗಲ್ಲ ಅಜ್ಜಿ. ರೆನಿಟಾ ಬಂದ್ರೆ ಹೋಗ್ತೀನಿ."

ರೆನಿಟಾ ನನ್ನ ಮೊಮ್ಮಗಳು, ಜಿಪೋರಾಳ ತರಗತಿಯವಳೇ, ನನ್ನ ಹತ್ತಿರವೇ ಬೆಳೆಯುವವಳು. ವರ್ಲೀನ್ ಅರ್ಜಿ ಹಿಡಿದು ನಮ್ಮ ಜಗಲಿಗೆ ಬಂದಾಗ ನಾನು ಸುತರಾಂ ಒಪ್ಪಲಿಲ್ಲ. ಎಪ್ಪತ್ತನೇ ಇಸವಿಯಲ್ಲಿ, ಕರಿಯರಿಗೊಂದು ಬಿಳಿಯರಿಗೊಂದು ಎಂದಿದ್ದ ನಮ್ಮೂರಿನ ಎರಡು ಶಾಲೆಗಳನ್ನು ಒಂದು ಮಾಡಿದಾಗ, ಜಾಣೆಯೆಂದು ನನ್ನೊಬ್ಬಳನ್ನೇ ಬಿಳಿಯರ ಮಕ್ಕಳ ತರಗತಿಗೆ ಹಾಕಿದ್ದರು. ವರ್ಷವಿಡೀ ಮೇಷ್ಟ್ರು ಒಂದು ಸಲವೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಗೊತ್ತಿದ್ದ ಲೆಕ್ಕವೂ ಮರೆತುಹೋಯಿತು.

"ಆ ಕೋಣೆಗೆ ನನ್ನ ಮಗೂನ ತಳ್ಳಲ್ಲ," ಎಂದೆ.

"ಒಬ್ಬಳನ್ನೇ ಕಳ್ಸಿದ್ದಕ್ಕೆ ಅಲ್ವೇನೆ ನಿನಗೆ ಹಂಗಾಗಿದ್ದು? ನಾನು ಒಂದು ಸಾಲನ್ನೇ ಕಳಿಸ್ತೀನಿ."

"ನೀನು ಒಂಬತ್ತನೇ ಕ್ಲಾಸಿಗೇ ಬಿಟ್ಟೋಳು. ಅವರಿಗೇನು ಹೇಳ್ಕೊಡ್ತೀಯಾ, ಆಲೂಗಡ್ಡೆ ಕಿವುಚೋದಾ?"

ಅವಳು ನಕ್ಕು ಎದ್ದು ಹೋದಳು. ನನಗೆ ಆಮೇಲೆ ನಾಚಿಕೆಯಾಯಿತು.

ಮನೆಮನೆ ಸುತ್ತಿ ಜಿಪೋರಾಳೂ ಸೇರಿ ಆರು ಮಕ್ಕಳನ್ನು ಹೊಂದಿಸಿದಳು. ಬೇಸಿಗೆಯಿಡೀ ದಿನಾ ಸಂಜೆ ಚರ್ಚಿನ ಹಿಂದಿನ ಹಾಲಿನಲ್ಲಿ ಪಾಠ. ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಒಂದು ಬೋಗುಣಿ, ಒಂದು ಫ್ಯಾನು, ಲೈಬ್ರರಿಯಿಂದ ತಂದ ಪುಸ್ತಕ. ರೆನಿಟಾ ಓಣಿಯಲ್ಲಿ ಹಗ್ಗದಾಟ ಆಡುತ್ತಿದ್ದಾಳೆಂದು ನಾನು ನಂಬಿದ್ದೆ. ಅವಳೂ ದಿನಾ ಆ ಹಾಲಿನಲ್ಲೇ ಇರುತ್ತಾಳೆಂದು ಜುಲೈಯಲ್ಲಿ ಯಾರೋ ಕಿವಿಗೆ ಹಾಕಿದರು. ಕೆಂಡಾಮಂಡಲವಾಗಿ, ಎಳೆದು ತರೋಣವೆಂದೇ ಹೋದೆ.

ನನ್ನ ಹುಡುಗಿ ಬೋರ್ಡಿನ ಮುಂದೆ ನಿಂತಿದ್ದಳು. ವರ್ಲೀನ್ ಪುಟ್ಟ ಕುರ್ಚಿಯಲ್ಲಿ ದೊಡ್ಡ ಮೈ ಹಿಡಿಸಿಕೊಂಡು ಪೆನ್ಸಿಲ್ ಹಿಡಿದು ಕೂತಿದ್ದಳು.

"ನಂಗೆ ತಿಳೀಲಿಲ್ಲ ರೆನಿಟಾ. ಆ ಮೂರು ಆಕಡೆ ಹೋಗಿ ಯಾಕೆ ಭಾಗಿಸ್ತು?"

"ಆಗ್ಲೇ ಹೇಳಿದ್ನಲ್ಲ ಅಜ್ಜಿ."

"ನಂಗೆ ತಿಳಿಯೋ ಹಂಗೆ ಹೇಳಕ್ಕೆ ಬರ್ಲಿಲ್ಲ ಅಂದ್ರೆ ನಿಂಗೂ ತಿಳಿದಿಲ್ಲ ಅಂತ. ಇನ್ನೊಂದ್ಸಲ ಹೇಳು ನನ್ನವ್ವ."

ರೆನಿಟಾ ಅಳಿಸಿ ಮತ್ತೆ ಬರೆದಳು. ಮೂರು ಚೀಲದಲ್ಲಿ ಸಮಸಮನಾಗಿ ತುಂಬಿದ ಕಡಲೆಕಾಯಿ ಎಂದು ವಿವರಿಸಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಹೇಳಿಕೊಡಲು ತನಗೇನೂ ಗೊತ್ತಿಲ್ಲ ಎನ್ನುವುದನ್ನೇ ಬಂಡವಾಳ ಮಾಡಿಕೊಂಡ ಇಂಥ ಗುರುವನ್ನು ನಾನು ಬೇರೆಲ್ಲೂ ನೋಡಿಲ್ಲ. ಬಾಗಿಲಲ್ಲೇ ನಿಂತು ಅತ್ತೆ. ಆಮೇಲೆ ಒಳಗೆ ಹೋಗಿ ಅರ್ಜಿ ಕೇಳಿ ಸಹಿ ಹಾಕಿದೆ.

ರೆನಿಟಾಳೂ ಸೇರಿ ಏಳು ಮಕ್ಕಳು ಪರೀಕ್ಷೆ ಬರೆದರು. ನಾಲ್ಕು ಮಕ್ಕಳು ದಾಟಿದರು. ರೆನಿಟಾ ಅವರಲ್ಲೊಬ್ಬಳು. ಜಿಪೋರಾ ಎರಡೇ ಅಂಕದಿಂದ ಹಿಂದೆ ಬಿದ್ದಳು.

ಯಾರಿಗಾಗಿ ಇಷ್ಟೆಲ್ಲ ಶುರುವಾಯಿತೋ ಅವಳೇ ಹೊರಗೆ ಉಳಿದಳು. ವರ್ಲೀನಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳೇ ಮೊಮ್ಮಗಳ ಕೈ ಹಿಡಿದು ನಮ್ಮ ಮನೆಗೆ ಬಂದಳು. ಜಿಪೋರಾಳ ಕಣ್ಣು ಊದಿಕೊಂಡಿತ್ತು. ರೆನಿಟಾ ಮೂಲೆ ಹಿಡಿದಿದ್ದಳು.

"ಜಿಪ್ ಇಲ್ದೆ ನಾನೂ ಹೋಗಲ್ಲ," ಎಂದಳು ರೆನಿಟಾ.

"ಹೋಗದಿದ್ರೆ ಏನಂತಾರೆ ಗೊತ್ತಾ?" ಎಂದಳು ವರ್ಲೀನ್. ಮೊಮ್ಮಗಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಇವರಿಗೆ ಕೊಟ್ರೂ ಬೇಡ ಅಂತಾರೆ ನೋಡಿ ಅಂತ ನಗ್ತಾರೆ. ಹೋಗಿ ಕೂತ್ಕೋ ಮಗಳೇ. ಜನವರೀಲಿ ಜಿಪ್ ಇನ್ನೊಂದ್ಸಲ ಬರೀಬಹುದು."

"ನಂಗಲ್ಲಿ ಏನಾದ್ರೂ ತಿಳೀದೇ ಹೋದ್ರೆ? ಅವರೆಲ್ಲರ ಮುಂದೆ ಕೇಳಕ್ಕೆ ನಾಚಿಕೆ ಆಗುತ್ತೆ."

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಜಿಪೋರಾ ತಟ್ಟನೆ ಮುಖ ಎತ್ತಿದಳು.

"ನಾಚಿಕೆಗೀಚಿಕೆ ಎಲ್ಲಾ ಬಿಟ್ಟು ಕೇಳ್ಬೇಕು ನೀನು. ಅಲ್ಲಿ ಹೇಳಿಕೊಟ್ಟಿದ್ದನ್ನ ಸಂಜೆ ನಂಗೆ ಹೇಳ್ಕೊಡೋರು ಯಾರು ಮತ್ತೆ?"

ಶಾಲೆ ಶುರುವಾದ ದಿನ ರೆನಿಟಾ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಪಕ್ಕದಲ್ಲೇ ಇರುವ ಜಿಪೋರಾಳ ಮನೆಗೆ ಓಡಿದಳು. ಕಿಟಕಿಯಿಂದ ಜಿಪೋರಾಳ ಬೈಗುಳ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇದು ಯಾಕೆ ಹಿಂಗಾಯ್ತು ಅಂತ ಕೇಳಲೇ ಇಲ್ವಾ? ಬಾಯಲ್ಲೇನು ಕಡುಬಿತ್ತಾ? ನಾಳೆ ಕೈ ಎತ್ತಿ ಕೇಳ್ಕೊಂಡು ಬಾ, ಹೋಗು."

ಮಾರನೆಯ ದಿನ ನನ್ನ ಮೊಮ್ಮಗಳು ಕೇಳಿಕೊಂಡು ಬಂದಳು.