ಹಳದಿಯಲ್ಲ, ಕೆಂಪು

ಆರ್‌ಪಿಎಂ ಮುಳ್ಳು ನಾಲ್ಕು ಸಾವಿರ ದಾಟುತ್ತಿದ್ದಂತೆ ಎಂಜಿನ್ನಿನ ದನಿ ಬದಲಾಯಿತು, ಸೀಟು ಬೆನ್ನನ್ನು ಒತ್ತಿತು — ಇದೇ, ಬೇಕಾಗಿದ್ದದ್ದು ಇದೇ, ಬೆಳಿಗ್ಗೆ ರಾಜಾಜಿನಗರದಲ್ಲಿ ಓಡಿಸಿದ ಹಳದಿ ಕಾರಿನಲ್ಲಿ ಇದಿರಲಿಲ್ಲ, ಅದೂ ಚುರುಕೇ, ಇಲ್ಲವೆನ್ನುವುದಿಲ್ಲ, ಕಾಲಿಟ್ಟರೆ ಚಂಗನೆ ನೆಗೆಯುತ್ತದೆ, ಆದರೆ ಸ್ಟೇರಿಂಗು ತೀರಾ ಹಗುರ, ಚಕ್ರ ಎಲ್ಲಿದೆಯೆಂದು ಕೈಗೆ ಹೇಳುವುದೇ ಇಲ್ಲ, ಈ ಕೆಂಪು ಕಾರಿನದು ಭಾರ, ಮೈಸೂರು ರಸ್ತೆಯ ಒಂದೊಂದು ಗುಂಡಿಯನ್ನೂ ಅಂಗೈಗೆ ತಿಳಿಸುತ್ತದೆ, ತಿರುವಿನಲ್ಲಿ ವಾಲದೆ ನೆಲ ಕಚ್ಚಿಕೊಂಡು ಹೋಗುತ್ತದೆ, ಅಂಕಲ್ ಸ್ವಲ್ಪ ನಿಧಾನ, ಅನ್ನುತ್ತಾನೆ ಪಕ್ಕದಲ್ಲಿ ಕೂತ ಶೋರೂಮಿನವನು, ಅಂಕಲ್ಲಂತೆ! ಕಾರು ಕೊಳ್ಳುವವನು ನಾನು, ಈ ವೆಂಕಟಸ್ವಾಮಿ, ಅವನ ಮಾತೆಲ್ಲ ಮಾತ್ರ ಹಿಂದೆ ಕೂತು ಮೊಬೈಲ್ ಒತ್ತುತ್ತಿರುವ ನನ್ನ ಮಗ ಸಿದ್ದೇಶನ ಹತ್ತಿರ, ಸಾರ್, ಫಾದರ್‌ಗೆ ಇಷ್ಟೊಂದ್ ಪವರ್ ಯಾಕ್ ಸಾರ್, ಇದ್ರಲ್ಲೇ ಚಿಕ್ಕ ಎಂಜಿನ್ ಬರತ್ತೆ, ದೇವಸ್ಥಾನಕ್ಕೆ ಹೋಗ್ ಬರೋಕೆ ಆರಾಮ್. ದೇವಸ್ಥಾನ! ನಾನು ಕೇಳಿದೆನೇ ದೇವಸ್ಥಾನಕ್ಕೆ ದಾರಿಯನ್ನು, ಸಿಟಿ ಬಸ್ಸಿನ ಡ್ರೈವರಾಗಿ ವಿಜಯನಗರದಿಂದ ಕೆಂಗೇರಿಗೆ, ಕೆಂಗೇರಿಯಿಂದ ವಿಜಯನಗರಕ್ಕೆ, ತಲೆ ಬೆಳ್ಳಗಾಗುವ ತನಕ ಊರ ಜನರನ್ನೆಲ್ಲ ಹೊತ್ತು ತಿರುಗಿದೆ, ಮೂರನೇ ಗೇರು ಹಾಕುವಷ್ಟರಲ್ಲಿ ಇನ್ನೊಂದು ಸ್ಟಾಪು, ಹೋಲ್ಡಾನ್, ರೈಟ್ ರೈಟ್, ಮತ್ತೆ ಹೋಲ್ಡಾನ್, ರಿಟೈರಾದ ಮೇಲಾದರೂ ಕಂಡಕ್ಟರ್ ಸೀಟಿ ಊದಲೆಂದು ಕಾಯದೆ ಒಂದು ಗಾಡಿಯನ್ನು ಮನಸಾರೆ ಓಡಿಸಬೇಕು, ಅಷ್ಟೇ ಆಸೆ, ಅದಕ್ಕೂ ಮಗರಾಯನ ಪರೀಕ್ಷೆ — ಓಡ್ಸಿ ತೋರ್ಸಿ ಅಪ್ಪಾ, ಕಂಟ್ರೋಲ್ ಇದೆ ಅನ್ಸಿದ್ರೆ ಇದೇ ಬುಕ್ ಮಾಡೋಣ, ಇಲ್ಲಾಂದ್ರೆ ಆ ಚಿಕ್ಕದು. ಕಂಟ್ರೋಲಂತೆ ಕಂಟ್ರೋಲು! ಇವನಿಗೆ ಸೈಕಲ್ಲು ಕಲಿಸುವಾಗ ಹಿಂದೆ ಸೀಟು ಹಿಡಿದು ಓಡಿದವನು ನಾನು, ಬೀದಿ ತುಂಬ ಬಿದ್ದೆದ್ದವನು ಇವನು, ಮೈಯೆಲ್ಲ ಉರಿಯುತ್ತದೆ, ನೋಡು ಹಾಗಾದರೆ, ನಾಯಂಡಹಳ್ಳಿ ದಾಟಿತು, ಎರಡನೇ ಗೇರಿಗಿಳಿಸಿ ಒತ್ತಿದೆ, ಲಾರಿ ಹಿಂದಾಯಿತು, ಇನ್ನೊಂದು ಹಿಂದಾಯಿತು, ಹಿಂದಿನ ಸೀಟಿನಲ್ಲಿ ಮೊಬೈಲಿನ ಸದ್ದು ನಿಂತಿದೆ, ನಿಲ್ಲಲಿ, ಖುಷಿ ಕಣೋ ಸಿದ್ದೇಶ, ನಿಮ್ಮಪ್ಪನಿಗೆ ಖುಷಿಯಾಗುತ್ತಿದೆ, ಕೆಂಪೇ, ಹಳದಿಯಲ್ಲ, ಈ ಕೆಂಪೇ —

ಎಡಗಡೆ ನೆರಳು, ತಗಡಿನ ಚಾವಣಿ, ನಿಂತ ಜನ. ಕಾರೂ ನಿಂತಿದೆ. ಯಾರು ನಿಲ್ಲಿಸಿದ್ದು? ಇಂಡಿಕೇಟರು ಎಡಕ್ಕೆ ಟಿಕ್ ಟಿಕ್ ಅನ್ನುತ್ತಿದೆ, ನನ್ನ ಕಾಲು ಬ್ರೇಕಿನ ಮೇಲೆ, ಕಿವಿ ಹಿಂದಕ್ಕೆ, ಕಾಯುತ್ತಿದ್ದೇನೆ, ಕಂಡಕ್ಟರ್ ಸೀಟಿ ಊದಬೇಕಲ್ಲ, ಊದಲಿ, ಯಾಕೆ ಊದುತ್ತಿಲ್ಲ — ಅಪ್ಪಾ, ಯಾಕ್ ನಿಲ್ಸಿದ್ರಿ ಇಲ್ಲಿ? ಬಸ್ ಸ್ಟಾಪ್ ಸಾರ್, ಅನ್ನುತ್ತಾನೆ ಶೋರೂಮಿನವನು, ನಗುವನ್ನು ಕೆಮ್ಮಿನಲ್ಲಿ ಮುಚ್ಚಿ, ಮುಚ್ಚದಿದ್ದರೇ ಚೆನ್ನಾಗಿತ್ತು. ಸಿದ್ದೇಶ ನಗಲಿಲ್ಲ. ಅಪ್ಪಾ, ಚಿಕ್ಕದೇ ಸಾಕು ಬಿಡಿ, ಅಂದ, ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ, ಬಯ್ಯಬೇಕು ಇವನನ್ನು, ಯಾವ ಬಾಯಲ್ಲಿ ಬಯ್ಯಲಿ, ಯಾರೂ ಹೇಳಲಿಲ್ಲ, ಯಾರೂ ತಡೆಯಲಿಲ್ಲ, ನನ್ನ ಕಾಲೇ, ದರಿದ್ರದ್ದು, ನನ್ನ ಕಾಲೇ ನನ್ನ ಮಾತು ಕೇಳಲಿಲ್ಲ. ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು ಕಿಟಕಿಗೆ ಬಗ್ಗಿದ್ದಾಳೆ, ಅಣ್ಣಾ, ಕೆಂಗೇರಿಗೆ ಹೋಗ್ತದಾ, ಉತ್ತರಕ್ಕೆ ಕಾಯದೆ ಹಿಂದಿನ ಬಾಗಿಲಿಗೆ ಕೈ ಹಾಕಿದ್ದಾಳೆ, ಒದ್ದೆ ಕೈ, ಹಸಿರು ಬಳೆ, ಬಾಗಿಲ ಹಿಡಿಕೆ ಎಳೆಯುತ್ತಿದೆ ಆ ಕೈ, ಹತ್ತಿಸಿಕೊಳ್ಳದೆ ನಾನು ಹೊರಡುವವನೇ ಅಲ್ಲವೆಂದು ಗೊತ್ತಿರುವ ಕೈ, ಆ ಕೈ —