ಶಿರಸಾಸನದಲ್ಲಿ ಜಾರಿದ ಕರಡಿಗೆ

ದಂಡಿನ ಮಾರಮ್ಮನ ಆಣೆಗೂ ಇದು ನಡೆದದ್ದು. ಇದರಲ್ಲಿ ಎಳ್ಳಿನಷ್ಟು ಸುಳ್ಳಿದ್ದರೆ ನನ್ನನ್ನು ಮಧುಗಿರಿಯಿಂದ ಪಾವಗಡದವರೆಗೆ ಬಸ್ಸಿನ ಹಿಂದಿನ ಏಣಿಗೆ ಕಟ್ಟಿ ಕರೆದುಕೊಂಡು ಹೋಗಿ. ಇದುವರೆಗೆ ಕೇಳಿದವರು ಯಾರೂ ಕಟ್ಟಿಲ್ಲ, ಅದಕ್ಕಿಂತ ಸಾಕ್ಷಿ ಬೇಕೆ?

ಮಧುಗಿರಿಯ ಲೋಹಿತಾಗೆ ಆಗ ಮೂವತ್ತೈದು ವರ್ಷ. ಅವಳಷ್ಟು ಅನುಮಾನದ ಹೆಂಗಸು ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬಳು ಇರಲಿಲ್ಲ. ಸಿರಾದಲ್ಲಿ ಸೀರೆ ಕೊಂಡರೆ ಅಂಗಡಿಯವನ ಎದುರಿಗೇ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ಸುಟ್ಟು ಮೂಸುತ್ತಿದ್ದಳು. ಕೊರಟಗೆರೆ ಬಸ್ಸಿನಲ್ಲಿ ಪಕ್ಕದವರ ಟಿಕೆಟ್ಟನ್ನೂ ಇಸಕೊಂಡು ತನ್ನದರ ಜೊತೆ ಬೆಳಕಿಗೆ ಹಿಡಿಯುತ್ತಿದ್ದಳು. ಚಿಕ್ಕವಳಿದ್ದಾಗ ಸ್ಕೂಲಿನ ಮೇಷ್ಟ್ರು ನಮ್ಮ ಬೆಟ್ಟ ಒಂದೇ ಕಲ್ಲಿನದು ಎಂದರೆ, ಮೂರು ಭಾನುವಾರ ಅದರ ಸುತ್ತ ನಡೆದು ಬೆಸುಗೆ ಎಲ್ಲಿದೆ ಎಂದು ಹುಡುಕಿದ್ದಳಂತೆ. ಸಿಗಲಿಲ್ಲ. ಸಿಗದೆ ಹೋದದ್ದಕ್ಕೇ ಅನುಮಾನ ಇನ್ನೂ ಹೆಚ್ಚಾಯಿತು.

ಅವಳು ವಾರಕ್ಕೆರಡು ದಿನ ಪಾವಗಡದ ಕಡೆಯ ತಿರುಮಣಿಗೆ ಹೋಗಿ, ಅಲ್ಲಿನ ಸೋಲಾರ್ ಕಂಪನಿಯಲ್ಲಿ ಪ್ಲೇಟು ಒರೆಸುವ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದಳು. ದಿನವಿಡೀ ಬಗ್ಗಿ ಒರೆಸಿದವರ ಸೊಂಟ ಅವಳ ಕೈಯಲ್ಲಿ ನೆಟ್ಟಗಾಗುತ್ತಿತ್ತು. ಒಂದು ದಿನ ಕಂಪನಿಯ ಆಫೀಸರ್ ಚೇತನ್ ಕುಮಾರ್ ಕರೆದು ಕೂರಿಸಿದ. ಕೆಲಸ ಕಾಯಂ ಆಗಬೇಕಾದರೆ ಹೊರದೇಶದವರೂ ಒಪ್ಪುವ ಸರ್ಟಿಫಿಕೇಟು ಬೇಕು, ಬಾಲಿ ದ್ವೀಪದಲ್ಲಿ ನಾಲ್ಕು ವಾರದ ಟ್ರೈನಿಂಗ್ ಇದೆ, ವಿಮಾನ, ಊಟ, ವಸತಿ ಎಲ್ಲ ಕಂಪನಿಯದು ಎಂದ. ಪಾಸಾಗಿ ಬಂದರೆ ಕಾಯಂ. ಇಲ್ಲವಾದರೆ ಈಗಿರುವ ಎರಡು ದಿನವೂ ಬೇರೆಯವರಿಗೆ.

“ನಮ್ ಯೋಗ ಕಲಿಯಕ್ಕೆ ಪರದೇಸಕ್ಕೆ ಯಾಕೆ ಸಾರ್ ಹೋಗ್ಬೇಕು?” ಎಂದು ಲೋಹಿತಾ ಕೇಳಿದಳು.

ಯೋಗ ನಮ್ಮದೇ, ಕಾಗದ ಮಾತ್ರ ಅವರದು ಎಂದು ಅವನು ನಕ್ಕ. ಆ ನಗುವನ್ನು ಅವಳು ಮನೆಗೆ ಬರುವವರೆಗೂ ತಿರುಗಿಸಿ ತಿರುಗಿಸಿ ನೋಡಿದಳು. ಅತ್ತೆ ದಾಕ್ಷಾಯಣಮ್ಮ ಉರಿಗೆ ಎಣ್ಣೆ ಹೊಯ್ದರು. “ಬಿಟ್ಟಿಯಾಗಿ ಯಾರಮ್ಮ ಪ್ಲೇನ್ ಹತ್ತುಸ್ತಾರೆ? ಎಲ್ಡು ಕಿಡ್ನಿ ಐತೆ ತಾನೆ? ಹೋಗಕ್ ಮುಂಚೆ ಒಂದು ಫೋಟ ತೆಗುಸ್ಕಂಡೋಗು, ಬಂದ್ಮ್ಯಾಲೆ ಇನ್ನೊಂದು ತೆಗ್ಸನ.” ಲೋಹಿತಾ ನಿಜಕ್ಕೂ ತುಮಕೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಕಡ್ಲೆಕಾಯಿ ಮಂಡಿ ನಡೆಸುವ ಗಂಡ ಗೌರೀಶ್ ಮಾತ್ರ ಧೈರ್ಯವಾಗಿ ಹೋಗಿ ಬಾ ಎಂದ. ಇವನಿಗೇಕೆ ಇಷ್ಟು ಆತುರ ಎಂದು ಅವಳಿಗೆ ಅವನ ಮೇಲೂ ಅನುಮಾನ ಬಂತು.

ಅಂತೂ ಹೋದಳು. ಗದ್ದೆಗಳ ನಡುವೆ ಬಿದಿರಿನ ದೊಡ್ಡ ಹಾಲ್, ಇಪ್ಪತ್ತೆರಡು ಜನ ಕಲಿಯುವವರು. ಕಲಿಸುವವಳು ಸುರ್ಯಾನಿ ಎಂಬ ಐವತ್ತರ ಹೆಂಗಸು. ನಮ್ಮ ಕೈಗೂಸಿನಷ್ಟು ತೂಕ, ಬೆಟ್ಟದಷ್ಟು ಸ್ಥಿರ. ದನಿ ಏರಿಸುತ್ತಲೇ ಇರಲಿಲ್ಲ. ಕೋಪ ಬಾರದವರು ಏನನ್ನೋ ಮುಚ್ಚಿಟ್ಟಿರುತ್ತಾರೆ ಎಂಬುದು ಲೋಹಿತಾಳ ಲೆಕ್ಕ. ಮೊದಲ ದಿನವೇ ಎಲ್ಲರ ಫೋನು ಆಫೀಸಿಗೆ ಒಪ್ಪಿಸಬೇಕಾಯಿತು. ಗುಟ್ಟಾಗಿ ಫೋನು ಇಟ್ಟುಕೊಂಡು ಸಿಕ್ಕಿಬಿದ್ದವರಿಗೆ ಸರ್ಟಿಫಿಕೇಟಿಲ್ಲ, ಅವತ್ತೇ ಊರಿಗೆ. ಲೋಹಿತಾ ತನ್ನ ಫೋನಿಗೆ ದಾರ ಸುತ್ತಿ ಒಂಬತ್ತು ಗಂಟು ಹಾಕಿ, ಗಂಟುಗಳ ಚಿತ್ರವನ್ನು ಕಾಗದದಲ್ಲಿ ಬರೆದಿಟ್ಟುಕೊಂಡ ಮೇಲೆ ಕೊಟ್ಟಳು. ಆಫೀಸಿನವಳು ಅವಳನ್ನು ನೋಡಿದ ರೀತಿ ಬೇರೆಯೇ ಇತ್ತು. ಇಷ್ಟು ಜೋಪಾನ ಮಾಡುವವಳ ಹತ್ತಿರ ಇನ್ನೊಂದು ಫೋನು ಇರಲೇಬೇಕು ಎಂದುಕೊಂಡಿರಬೇಕು.

ಇನ್ನು ಕೊರಳಿನ ವಿಷಯ. ಲೋಹಿತಾ ಎಂಟು ವರ್ಷದವಳಿದ್ದಾಗ ಮನೆತನದ ಗುರುಗಳಾದ ಪರ್ವತಯ್ಯನವರು ಅವಳಿಗೆ ಲಿಂಗದೀಕ್ಷೆ ಕೊಟ್ಟಿದ್ದರು. ಅಂದಿನಿಂದ ಇಷ್ಟಲಿಂಗವಿರುವ ಬೆಳ್ಳಿ ಕರಡಿಗೆ ಶಿವದಾರದಲ್ಲಿ ಅವಳ ಎದೆಯ ಮೇಲೇ ಇತ್ತು. ಮೈ ಬಿಟ್ಟು ಹೋಗಬಾರದು, ಕಂಡವರ ಕೈ ಸೋಕಬಾರದು, ಅಷ್ಟೇ ಕಟ್ಟಳೆ. ಮೊದಲ ಸಲ ಶಿರಸಾಸನಕ್ಕೆ ತಲೆ ಕೆಳಗೆ ಕಾಲು ಮೇಲೆ ಮಾಡಿದಳೋ ಇಲ್ಲವೋ, ಕರಡಿಗೆ ಅಂಗಿಯೊಳಗಿಂದ ಜಾರಿ ಮೂಗಿಗೆ ಬಡಿಯಿತು. ಸುರ್ಯಾನಿ ಬಂದು, ಅದನ್ನು ತೆಗೆದಿಟ್ಟು ಮಾಡು ಎಂದು ಸನ್ನೆ ಮಾಡಿದಳು. ಲೋಹಿತಾ ದಡಕ್ಕನೆ ಇಳಿದು, ಹೊಟ್ಟೆನೋವು ಎಂದು ಹೊರಗೆ ಹೋದಳು. ಮರುದಿನ ಸೊಂಟನೋವು ಎಂದಳು. ಆಮೇಲೆ ಕತ್ತು, ಕಿವಿ, ಮಂಡಿ. ಮೂರನೇ ವಾರದ ಹೊತ್ತಿಗೆ ನೋವು ಹೇಳಿಕೊಳ್ಳಲು ಅವಳ ಮೈಯಲ್ಲಿ ಜಾಗವೇ ಬಾಕಿ ಇರಲಿಲ್ಲ. ಹೀಗೆಂದು ಬಿಡಿಸಿ ಹೇಳಬಹುದಿತ್ತು. ಆದರೆ ಹೇಳಿದರೆ ನೋಡಬೇಕು ಅನ್ನುತ್ತಾರೆ, ನೋಡಿದರೆ ಮುಟ್ಟಬೇಕು ಅನ್ನುತ್ತಾರೆ, ಮುಟ್ಟಿದ ಮೇಲೆ ಬೆಳ್ಳಿ ಎಷ್ಟು ತೂಕ ಎಂದು ಕೇಳದೆ ಬಿಡುತ್ತಾರೆಯೇ ಎಂಬುದು ಅವಳ ಯೋಚನೆ. ಕೊನೆಯ ಪರೀಕ್ಷೆಯಲ್ಲಿ ಶಿರಸಾಸನ ಮಾಡಿ ತೋರಿಸದವರು ಪಾಸಾಗುವಂತಿರಲಿಲ್ಲ. ತಿರುಮಣಿಯ ಕೆಲಸ ಆ ಒಂದು ಆಸನದ ಮೇಲೆ ತಲೆಕೆಳಗಾಗಿ ನಿಂತಿತ್ತು.

ರೂಮಿನಲ್ಲಿ ಜೊತೆಗಿದ್ದವಳು ಪೋರ್ಚುಗಲ್ಲಿನ ಬೆನೆದಿತಾ. ಮಾತು ಕಡಿಮೆ, ನೋಟ ಜಾಸ್ತಿ. ಲೋಹಿತಾ ದಿನವೂ ಬೆಳಗಿನ ಜಾವ ಸ್ನಾನ ಮಾಡಿ, ಗೋಡೆಗೆ ಮುಖ ಮಾಡಿ, ಹೆಗಲ ಮೇಲೆ ಟವಲು ಹೊದ್ದು ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಬೆನ್ನ ಹಿಂದೆ ಬೆನೆದಿತಾ ಏನು ಮಾಡುತ್ತಾಳೋ ಎಂಬ ಭಯಕ್ಕೆ ಊರಿಂದ ತಂದಿದ್ದ ಸ್ಟೀಲ್ ತಟ್ಟೆಯನ್ನು ಎದುರು ಗೋಡೆಗೆ ಒರಗಿಸಿ ಕನ್ನಡಿ ಮಾಡಿಕೊಂಡಿದ್ದಳು. ತಟ್ಟೆಯಲ್ಲಿ ಕಂಡದ್ದು ಅವಳ ನಿದ್ದೆ ಕೆಡಿಸಿತು. ಬೆನೆದಿತಾ ಹಾಸಿಗೆಯಲ್ಲೇ ತಲೆ ಎತ್ತಿ ಇವಳ ಬೆನ್ನನ್ನೇ ನೋಡುತ್ತಿದ್ದಳು.

ಕಣ್ಣು ಬೆಳ್ಳಿಯ ಮೇಲೆ ಬಿದ್ದಿದೆ ಎಂದು ಲೋಹಿತಾ ನಿಶ್ಚಯ ಮಾಡಿಕೊಂಡಳು. ಮುದ್ದೆಗೆಂದು ಅತ್ತೆ ಕಟ್ಟಿಕೊಟ್ಟಿದ್ದ ರಾಗಿಹಿಟ್ಟಿನಲ್ಲಿ ಎರಡು ಹಿಡಿ ತೆಗೆದು, ಮಲಗುವ ಮುಂಚೆ ತನ್ನ ಮಂಚದ ಸುತ್ತ ತೆಳ್ಳಗೆ ಉದುರಿಸಿದಳು. ಬೆಳಗ್ಗೆ ಎದ್ದು ನೋಡಿದರೆ ಹಿಟ್ಟಿನ ಮೇಲೆ ಉದ್ದನೆಯ ಬರಿಗಾಲಿನ ಗುರುತು, ಇವಳ ದಿಂಬಿನವರೆಗೆ ಬಂದು ಹಿಂದಕ್ಕೆ ಹೋಗಿತ್ತು. ಆ ಹೆಜ್ಜೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಕಿರುಬೆರಳಿನ ಆಣಿ ಕೂಡ ಎಣಿಸುವ ಹಾಗಿತ್ತು.

ದೂರು ಕೊಡಲೆಂದು ಲೋಹಿತಾ ಆಫೀಸಿಗೆ ಓಡಿದರೆ, ಬೆನೆದಿತಾ ಅವಳಿಗಿಂತ ಮುಂಚೆಯೇ ಅಲ್ಲಿದ್ದಳು. ಅವಳೂ ದೂರಿಗೇ ಬಂದಿದ್ದಳು. ಇವಳು ದಿನಾ ಕತ್ತಲಿರುವಾಗಲೇ ಗೋಡೆಗೆ ತಿರುಗಿ ಅಂಗೈಯಲ್ಲಿ ಏನನ್ನೋ ಹಿಡಿದು ನೋಡುತ್ತಾಳೆ. ಅದು ಕಪ್ಪಗೆ ಮಿರುಗುತ್ತದೆ. ಬಲಗೈ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಗೋಡೆಯಲ್ಲಿ ಬೆಳಕು ಹೊಳೆಯುತ್ತದೆ. ಇವಳ ಹತ್ತಿರ ಫೋನಿದೆ ಎಂಬುದು ಅವಳ ದೂರು. ಕಪ್ಪಗೆ ಮಿರುಗಿದ್ದು ಲಿಂಗ, ಬಲಗೈಯಲ್ಲಿದ್ದದ್ದು ರುದ್ರಾಕ್ಷಿ, ಹೆಬ್ಬೆರಳು ತಳ್ಳುತ್ತಿದ್ದದ್ದು ಜಪದ ಮಣಿ, ಬೆಳಕು ಹೊಳೆಸಿದ್ದು ಲೋಹಿತಾಳದೇ ತಟ್ಟೆ. ಇದನ್ನೆಲ್ಲ ಅಲ್ಲಿ ಯಾರು ಬಲ್ಲರು?

ಸುರ್ಯಾನಿ ಲೋಹಿತಾಳ ಎದೆಯ ಕಡೆ ಕೈ ತೋರಿಸಿ, ಅದೇನೆಂದು ತೆರೆದು ತೋರಿಸು, ಇಲ್ಲವೇ ನಾಳೆ ಮಧ್ಯಾಹ್ನದೊಳಗೆ ಸಾಮಾನು ಕಟ್ಟು ಎಂದಳು. ದನಿ ಆಗಲೂ ಏರಲಿಲ್ಲ.

ಲೋಹಿತಾ ದಾರಿ ಹುಡುಕಿದಳು. ಓಡಿಹೋಗೋಣವೆಂದರೆ ಪಾಸ್‌ಪೋರ್ಟು ಅವರ ಬೀರುವಿನಲ್ಲಿ. ಜಗಳ ಆಡೋಣವೆಂದರೆ ಇಂಗ್ಲಿಷಿನಲ್ಲಿ ಬೈಗುಳ ಬರದು. ಹರಕು ಇಂಗ್ಲಿಷಿನಲ್ಲೇ ಒಂದು ಮಾತು ಹೇಳಿದಳು. ಇಲ್ಲಿ, ಹೀಗೆ, ಪೊಲೀಸರ ಮುಂದೆ ಜೇಬು ತೋರಿಸುವ ಹಾಗೆ ತೆರೆಯುವುದಿಲ್ಲ. ನಾಳೆ ಬೆಳಿಗ್ಗೆ ಪೂಜೆಗೆ ಕೂರುತ್ತೇನೆ, ದೊಡ್ಡ ಹಾಲಿನಲ್ಲೇ ಕೂರುತ್ತೇನೆ, ನೋಡುವವರು ದೂರ ಕೂತು ನೋಡಿ.

ಮರುದಿನ ಇಪ್ಪತ್ತೆರಡು ಜೊತೆ ಕಣ್ಣು ಹಾಲಿನಲ್ಲಿ ಸೇರಿದವು. ಲೋಹಿತಾ ಅಭ್ಯಾಸದಂತೆ ಎದುರಿಗೆ ತಟ್ಟೆ ನಿಲ್ಲಿಸಿದಳು. ಅದರಲ್ಲಿ ಒಂದೊಂದು ಮುಖವನ್ನೂ ನೋಡಿದಳು. ಕೊನೆಗೆ ಬೆನೆದಿತಾಳ ಮುಖ ಕಂಡಿತು. ರಾತ್ರಿಯಿಡೀ ನಿದ್ದೆ ಇಲ್ಲದ, ಹೆದರಿದ ಮುಖ. ಅದು ಕಳ್ಳಿಯ ಮುಖವಾಗಿರಲಿಲ್ಲ. ತಟ್ಟೆಯಲ್ಲಿ ಅದರ ಪಕ್ಕಕ್ಕೇ ತನ್ನ ಮುಖವೂ ಇತ್ತು, ನೋಡಲು ಎರಡೂ ಅಕ್ಕತಂಗಿಯರ ಹಾಗೆ ಇದ್ದವು.

ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಫೋನು ಇಟ್ಟುಕೊಂಡಿದ್ದಾಳೆ ಎಂದದ್ದು ಸುಳ್ಳು. ಆದರೆ ಪೂಜೆಯ ಹೊತ್ತಲ್ಲಿ ತನ್ನ ಕಣ್ಣು ಬೇರೆಲ್ಲೋ ಇರುತ್ತದೆ ಎಂಬುದರಲ್ಲಿ ಸುಳ್ಳೇನಿದೆ? ಊರಿನಲ್ಲೂ ಅಂಗೈಯಲ್ಲಿ ಲಿಂಗ, ಕಿವಿಯೆಲ್ಲ ಹಾಲಿನವನ ಅಳತೆ ಪಾವಿನ ಮೇಲೆ. ಅಂಗೈಯಲ್ಲಿ ಲಿಂಗ, ಮನಸ್ಸೆಲ್ಲ ಗೇಟಿನ ಚಿಲಕದ ಮೇಲೆ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಕಣ್ಣು ಪೂರ್ತಿ ಅಂಗೈಯಲ್ಲಿ ನಿಂತಿರಲಿಲ್ಲ.

ಅವಳು ತಟ್ಟೆಯನ್ನು ತೆಗೆದು ನೆಲದ ಮೇಲೆ ಬೋರಲು ಹಾಕಿದಳು. ಎಲ್ಲರ ಕಡೆಗಿದ್ದ ಬೆನ್ನನ್ನು ಕಾಯುವುದು ಬಿಟ್ಟಳು. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು, ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು, ನೋಡಿದಳು.

ಎಷ್ಟು ಹೊತ್ತು ಕೂತಳೋ ಅವಳಿಗೇ ಗೊತ್ತಿಲ್ಲ. ಸೂರ್ಯ ಹುಟ್ಟಿ ತೆಂಗಿನ ಮರ ದಾಟಿದನಂತೆ. ಒಂದು ಕೊಡತಿ ಹುಳ ಬಂದು ರೆಪ್ಪೆಯ ಕೂದಲಿನ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡು ಹೋಯಿತಂತೆ. ಗದ್ದೆಯ ಬಾತುಕೋಳಿಗಳು ಮೇಯುವುದು ಬಿಟ್ಟು ಹಾಲಿನ ಮುಂದೆ ಸಾಲಾಗಿ ನಿಂತವಂತೆ. ಮೂರೂವರೆ ವಾರದಿಂದ ಒಂದೇ ಕಡೆ ನೋಟ ನಿಲ್ಲಿಸಿ ಎಂದು ಸುರ್ಯಾನಿ ಬೇಡಿಕೊಂಡರೂ ಎರಡು ನಿಮಿಷ ದಾಟದಿದ್ದ ಜನ, ತಮಗೆ ಗೊತ್ತಿಲ್ಲದೆ ಉಸಿರು ಹಿಡಿದು ಕೂತಿದ್ದರು.

ಪೂಜೆ ಮುಗಿಸಿ ಲೋಹಿತಾ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿದಳು. ಬೆನೆದಿತಾ ಹತ್ತಿರ ಬಂದು, ನಾನು ರಾತ್ರಿ ನಿನ್ನ ದಿಂಬಿನ ಕೆಳಗೆ ಫೋನು ಹುಡುಕಿದೆ, ನನ್ನದು ತಪ್ಪು ಎಂದಳು. ಲೋಹಿತಾ ತಟ್ಟೆ ಎತ್ತಿ ಹಿಡಿದು, ಇದು ಊಟಕ್ಕಲ್ಲ, ನಿನ್ನನ್ನು ಕಾಯುವುದಕ್ಕೆ ಇಟ್ಟದ್ದು ಎಂದಳು. ಅಂಗೈಯಲ್ಲಿದ್ದದ್ದು ಫೋನಲ್ಲ, ಲಿಂಗ ಎಂದು ಪಕ್ಕದಿಂದ ಕಂಡಿದ್ದ ಸುರ್ಯಾನಿ ಸಾಮಾನು ಕಟ್ಟುವ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಶಿರಸಾಸನಕ್ಕೆ ರಿಯಾಯಿತಿಯೂ ಇಲ್ಲ, ಪರೀಕ್ಷೆ ನಾಳಿದ್ದು ಎಂದಳು.

ಪರೀಕ್ಷೆಯ ದಿನ ಬಂತು. ಕರಡಿಗೆ ಮೈ ಬಿಡಬಾರದು, ಮೂಗಿಗೂ ಬಡಿಯಬಾರದು. ರಟ್ಟೆಗೆ ಕಟ್ಟಿಕೊಂಡರೆ ಸರಿ, ರಟ್ಟೆಯೂ ಮೈಯೇ. ಲೋಹಿತಾ ಬಲಗೈಯಲ್ಲಿ ಕರಡಿಗೆಯನ್ನು ಎಡ ರಟ್ಟೆಗೆ ಒತ್ತಿ ಹಿಡಿದು, ಸುತ್ತಿ ಕಟ್ಟಲು ತಂದ ಉದ್ದನೆಯ ವಸ್ತ್ರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಗಂಟು ಬೀಳಲಿಲ್ಲ. ಮೂರು ಸಲ ನೋಡಿದಳು. ಒಂದು ಕೈಯಲ್ಲಿ ಆಗುವ ಕೆಲಸ ಅದಲ್ಲ. ಅವಳ ಹೆಸರು ಎರಡು ಸಲ ಕೂಗಿ ಆಗಿತ್ತು. ಸುತ್ತ ನೋಡಿದಳು. ಹತ್ತಿರ ನಿಂತಿದ್ದವಳು ಬೆನೆದಿತಾ.

ಇಂಗ್ಲಿಷ್ ಮರೆತುಹೋಯಿತು. “ನೀನೇ ಕಟ್ಟಮ್ಮ,” ಎಂದು ರಟ್ಟೆ ಮುಂದೆ ಚಾಚಿದಳು. “ಬಟ್ಟೆ ಮ್ಯಾಲಿಂದ ಕಟ್ಟು. ಗಟ್ಟಿಯಾಗಿ ಕಟ್ಟು. ನಾನು ನೋಡಾಕಿಲ್ಲ, ಕಣ್ ಮುಚ್ಕಂಡಿರ್ತೀನಿ.”

ಬೆನೆದಿತಾಗೆ ಭಾಷೆ ತಿಳಿಯಲಿಲ್ಲ, ಮಾತು ತಿಳಿಯಿತು. ಅವಳು ವಸ್ತ್ರವನ್ನು ನಾಲ್ಕು ಸುತ್ತು ಸುತ್ತಿ, ಬೆರಳು ಬೆಳ್ಳಿಗೆ ಸೋಕದ ಹಾಗೆ ಗಂಟು ಬಿಗಿದಳು. ಲೋಹಿತಾ ಗಂಟನ್ನು ಎಳೆದು ಪರೀಕ್ಷಿಸಲಿಲ್ಲ. ಹೋಗಿ ತಲೆ ನೆಲಕ್ಕೆ ಊರಿ ಕಾಲೆತ್ತಿದಳು. ಜಗತ್ತು ತಿರುಗಿ ನಿಂತಿತು, ಕರಡಿಗೆ ಇದ್ದಲ್ಲೇ ಇತ್ತು. ಸಾಕು ಎಂದು ಸುರ್ಯಾನಿ ಮೂರು ಸಲ ಹೇಳಿದ ಮೇಲೆ ಇಳಿದಳು.

ಸರ್ಟಿಫಿಕೇಟು ಬಂತು, ಕೆಲಸ ಕಾಯಂ ಆಯಿತು. ತಿರುಮಣಿಯಲ್ಲಿ ಈಗ ವಾರಕ್ಕೆ ಆರು ದಿನ ಅವಳ ಕ್ಲಾಸು. ಅನುಮಾನ ಮಾತ್ರ ಮನೆ ಬಿಟ್ಟು ಹೋಗಲಿಲ್ಲ, ಸೊಸೆಯನ್ನು ಬಿಟ್ಟು ಅತ್ತೆಯನ್ನು ಹಿಡಿಯಿತು. ಪಕ್ಕದ ಮನೆಯ ಪುಷ್ಪಾವತಿಗೆ ಲೋಹಿತಾ ಇಡ್ಲಿ ಪಾತ್ರೆಯನ್ನು ಗುರುತು ಹಾಕದೆ ಕೊಟ್ಟದ್ದನ್ನು ಕಂಡು ದಾಕ್ಷಾಯಣಮ್ಮ ಮಗನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು. “ಲೋ ಗೌರೀಶ, ಇವಳು ನಮ್ಮವಳಲ್ಲ ಕಣ್ಲಾ. ಅಲ್ಲಿಯವ್ರು ಬದ್ಲಾಯ್ಸಿ ಕಳ್ಸ್‌ಬುಟ್ಟವ್ರೆ. ಬಾಯ್ ಬುಡ್ಬ್ಯಾಡ, ಈ ಹೊಸೋಳು ಕೆಲ್ಸದಲ್ಲಿ ಚೆನ್ನಾಗವ್ಳೆ.”

ಇಷ್ಟಾದ ಮೇಲೂ ನಿಮ್ಮ ಹುಬ್ಬು ಮೇಲಕ್ಕೇ ಇದೆ, ನನಗೆ ಕಾಣುತ್ತದೆ. ಹಾಗಿದ್ದರೆ ಒಂದು ಕೆಲಸ ಮಾಡಿ. ಎಡಗೈ ಚಾಚಿ, ಅಂಗೈ ನಡುವಿನ ಗೆರೆಯನ್ನೇ ನೋಡುತ್ತಾ ನೂರರವರೆಗೆ ನಿಧಾನವಾಗಿ ಎಣಿಸಿ. ರೆಪ್ಪೆ ಬಡಿಯಬಾರದು, ಅತ್ತ ಇತ್ತ ನೋಡಬಾರದು. ನಿಮ್ಮ ಮುಂದಿರುವ ಈ ಬಿಸಿ ವಡೆಯ ತಟ್ಟೆಯ ಚಿಂತೆ ಬೇಡ, ಇತ್ತ ಕೊಡಿ, ಅದನ್ನು ನಾನು ನೋಡಿಕೊಳ್ಳುತ್ತೇನೆ.