ಹಿಂಜಿದ ಹತ್ತಿ

ಹಾಸಿಗೆ ಹೊಲಿಯುವ ನಂಜಯ್ಯನಿಗೆ ತನ್ನ ಕೈಗೆಲಸದ ಮೇಲೆ ಸ್ವಲ್ಪ ಹೆಚ್ಚೇ ಹೆಮ್ಮೆ. ಜಟಕಾ ಗಾಡಿಯ ಮೆತ್ತೆಯಿರಲಿ, ಸಾಹುಕಾರರ ಸೋಫಾ ಇರಲಿ, ಅವನು ತುಂಬಿದ ಹತ್ತಿ ಹತ್ತು ವರ್ಷವಾದರೂ ಗಂಟು ಕಟ್ಟುತ್ತಿರಲಿಲ್ಲ. ಈ ಮಾತನ್ನು ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ಅವನಿಗಿರಲಿಲ್ಲ.

ಐವತ್ತೆಂಟನೇ ಇಸವಿಯ ದೀಪಾವಳಿ ಕಳೆದ ಮೇಲೆ ಲಕ್ಷ್ಮೀಪುರಂನ ಅನಂತಪದ್ಮನಾಭಯ್ಯನವರು ಅವನನ್ನು ಕರೆಸಿದರು. ರಿಟೈರಾದ ಇಂಜಿನಿಯರು. ಯುದ್ಧಕಾಲದ ಹಳೇ ಆಂಬುಲೆನ್ಸ್ ವ್ಯಾನೊಂದನ್ನು ಹರಾಜಿನಲ್ಲಿ ಹಿಡಿದು ತಂದು ಮನೆಯ ಹಿಂದಿನ ಹುಣಸೆಮರದಡಿ ನಿಲ್ಲಿಸಿದ್ದರು. ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು, ಹೆಂಡತಿ ಸುಮಿತ್ರಮ್ಮನವರ ಜೊತೆ ಕಾಶಿಗೆ ಹೋಗಿಬರುವ ಹುಚ್ಚು ಅವರಿಗೆ. ವ್ಯಾನೋ ಬರೀ ತಗಡು. ಹಗಲು ಕಾದ ಹೆಂಚು, ಬೆಳಗಿನ ಜಾವ ಮಂಜುಗಡ್ಡೆ. ಗೋಡೆಗೂ ಚಾವಣಿಗೂ ಒಳಗಿನಿಂದ ಮರದ ರೀಪು ಹೊಡೆದು, ತಗಡಿಗೂ ಪ್ಲೈವುಡ್ ಹಲಗೆಗೂ ನಡುವೆ ಹತ್ತಿ ತುಂಬಿ, ಮೇಲೆ ರೆಕ್ಸಿನ್ ಎಳೆಯಬೇಕಾಗಿತ್ತು.

ನಂಜಯ್ಯನ ಕೆಲಸ ಸುಮಿತ್ರಮ್ಮನವರಿಗೆ ಹಿಡಿಸಿತು. ದಾರಿಯಲ್ಲಿ ಅಡುಗೆಗೆ, ಮೇಲುಕೆಲಸಕ್ಕೆ ನಮಗೂ ಜನ ಬೇಕು, ಗಂಡಹೆಂಡತಿ ಇಬ್ಬರೂ ಬಂದುಬಿಡಿ ಎಂದರು. ಜಾಗ ಮಾತ್ರ ಕಡಿಮೆ. ಇಬ್ಬರಿಗೂ ಸೇರಿ ಒಂದು ಟ್ರಂಕು, ಒಂದು ಸುರುಳಿ ಹಾಸಿಗೆ, ಅದರ ಮೇಲೆ ಒಂದು ಚೊಂಬೂ ಹಿಡಿಸುವುದಿಲ್ಲ ಎಂದರು.

ನಂಜಯ್ಯ ಹಿಗ್ಗಿಹೋದ. ಅವನಿಗೆ ಕಾಶಿ ಬೇಕಾಗಿರಲಿಲ್ಲ, ಹೆಂಡತಿ ಚೆಲುವಮ್ಮ ಬೇಕಾಗಿದ್ದಳು. ಎರಡು ವರ್ಷದ ಹಿಂದೆ ಆರು ವರ್ಷದ ಮಗಳು ಸರ್ವಮಂಗಳಾ ಜ್ವರದಲ್ಲಿ ತೀರಿಕೊಂಡಿದ್ದಳು. ಸತ್ತವರ ಹಾಸಿಗೆಯನ್ನು ಮನೆಯಲ್ಲಿಟ್ಟುಕೊಳ್ಳದೆ ಸ್ಮಶಾನದ ಕಾವಲಿನವನಿಗೆ ಕೊಟ್ಟುಬಿಡುವುದು ವಾಡಿಕೆ. ಚೆಲುವಮ್ಮ ಕೊಡಲಿಲ್ಲ. ವಿದ್ಯಾರಣ್ಯಪುರಂನ ಆ ಒಂದೇ ಕೋಣೆಯ ಮನೆಯಲ್ಲಿ, ಮೂಲೆಯಲ್ಲಿ ಅದನ್ನು ಹಾಸಿಟ್ಟು, ಅದರ ಪಕ್ಕದ ಬರಿನೆಲದ ಮೇಲೆ ತಾನು ಮಲಗುತ್ತಿದ್ದಳು. ನಲ್ಲಿಯಿಂದಾಚೆ ಅವಳು ಹೋದದ್ದನ್ನು ಬೀದಿಯವರು ಕಂಡಿರಲಿಲ್ಲ. ಗಂಡನ ಮೈಗೆ ಅವಳ ಕೈ ತಾಗಿ ಎರಡು ವರ್ಷವಾಗಿತ್ತು. ನಾಲ್ಕು ಊರು ನೋಡಿದರೆ, ಗಂಗೆಯಲ್ಲಿ ಮುಳುಗಿ ಎದ್ದರೆ, ತನ್ನ ಹೆಂಡತಿ ತನಗೆ ವಾಪಸು ಸಿಕ್ಕಾಳು ಎಂಬ ಆಸೆಯೊಂದೇ ಅವನಿಗೆ ಉಳಿದಿತ್ತು.

ವಿಷಯ ಎತ್ತಿದಾಗ ಚೆಲುವಮ್ಮ ಮೂಲೆಯ ಕಡೆ ನೋಡಿದಳು.

“ಅದನ್ನ ಬುಟ್ಟು ನಾನು ಎಲ್ಲೂ ಬರಲ್ಲ ಕಣ್ರೀ.”

ನಂಜಯ್ಯ ಎರಡು ದಿನ ತಲೆ ಕೆಡಿಸಿಕೊಂಡ. ಮೂರನೆಯ ದಿನ ಚಾವಣಿಗೆ ಹತ್ತಿ ತುಂಬುವಾಗ ಉಪಾಯ ಹೊಳೆಯಿತು. ಎಂಥ ಸುಲಭ, ಇಷ್ಟು ದಿನ ಎಲ್ಲಿ ಮಣ್ಣು ತಿನ್ನುತ್ತಿದ್ದೆ ಎಂದು ತನ್ನನ್ನೇ ಬೈದುಕೊಂಡು ಮನೆಗೆ ಓಡಿದ. ಹಾಸಿಗೆಗೆ ವ್ಯಾನಿನಲ್ಲಿ ಜಾಗ ಮಾಡಿದ್ದೇನೆ, ಕೊಡು ಎಂದ. ಚೆಲುವಮ್ಮ ನಂಬಿದಳು. ಒಗೆದ ಸೀರೆಯೊಂದರಲ್ಲಿ ಸುತ್ತಿ, ಮಲಗಿದ ಮಗುವನ್ನು ದಾಟಿಸುವ ಹಾಗೆ ಎರಡು ಕೈಯಿಂದ ಕೊಟ್ಟಳು. ಜೋಪಾನ ಎಂದಳು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು. ಟ್ರಂಕಿನ ಧೂಳನ್ನೂ ಒರೆಸಿದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ತಾನಾಗಿಯೇ ಲಕ್ಷ್ಮೀಪುರಂಗೆ ನಡೆದು ಬಂದಳು. ನಂಜಯ್ಯ ಕೊನೆಯ ಮೊಳೆ ಹೊಡೆದು ನಿಂತಿದ್ದ. ಹೆಂಡತಿಯನ್ನು ಬೀದಿಯಲ್ಲಿ ಕಂಡದ್ದೇ ಅವನ ಕಣ್ಣು ತುಂಬಿತು. ಕರೆದು ಒಳಗೆ ಹತ್ತಿಸಿದ. ಹಸಿರು ರೆಕ್ಸಿನ್ನಿನ ಗೋಡೆ, ಎಲ್ಲೂ ಒಂದು ಸುಕ್ಕಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಮುಟ್ಟಿ ನೋಡು ಎಂದ. ಅವಳು ಮುಟ್ಟಲಿಲ್ಲ, ಅತ್ತಿತ್ತ ಹುಡುಕಿದಳು.

“ಎಲ್ಲಿ ಮಡಗಿದೀರಿ?”

“ಇಲ್ಲೇ ಕಣೆ, ಗೋಡೆ ಒಳಗೆ. ಯಾರ ಕಣ್ಣಿಗೂ ಬೀಳಲ್ಲ. ನಾವೆಲ್ಲೋ ಅವಳೂ ಅಲ್ಲೇ.”

ಯಾವ ಗೋಡೆ ಎಂದು ಕೇಳಿದಳು. ನಂಜಯ್ಯ ತಡವರಿಸಿದ. ಹಳೆಯ ಹತ್ತಿಯನ್ನು ಹಾಗೇ ತುರುಕುವುದು ಅವನ ಕಸುಬಿಗೇ ಅವಮಾನ. ಬಿಚ್ಚಿ, ಬಿಸಿಲಿಗೆ ಹರಡಿ, ಕೋಲಿನಿಂದ ಬಡಿದು, ಹತ್ತಿಯ ಬಿಲ್ಲಿಗೆ ಕೊಟ್ಟು ಹೊಸ ಹತ್ತಿಯ ಜೊತೆ ಹಿಂಜಿದ್ದ. ನೊರೆಯಂತೆ ಎದ್ದಿತ್ತು. ಚಾವಣಿಗೂ ಅದೇ, ನಾಲ್ಕೂ ಗೋಡೆಗೂ ಅದೇ. ಹಾಸಿಗೆಯ ಗೀರು ಗೀರಿನ ಹಳೇ ಚೀಲವನ್ನು ಹರಿದು ಕೈಗೆ ಹತ್ತಿದ ಸರೇಸಿನ ಅಂಟು ಒರೆಸಿದ್ದ. ಇದನ್ನೆಲ್ಲ ಅವನು ಮೊದಮೊದಲು ಉಬ್ಬಿಕೊಂಡೇ ಹೇಳಿದ. ಅವಳ ಮುಖ ನೋಡಿ ದನಿ ತಾನಾಗಿ ಇಳಿಯಿತು.

“ಅವಳು ಮಲಗಿದ್ದ ಕುಳಿ ಇತ್ತಲ್ರೀ ಅದರಲ್ಲಿ,” ಎಂದಳು ಚೆಲುವಮ್ಮ.

ಮೂವತ್ತು ವರ್ಷ ಊರವರ ಹಾಸಿಗೆಯ ಕುಳಿಗಳನ್ನು ಬಡಿದು ಸಮ ಮಾಡಿದವನು ನಂಜಯ್ಯ. ಕುಳಿ ಅವನ ಕಣ್ಣಿಗೆ ಯಾವತ್ತೂ ಹಾಸಿಗೆಯ ರೋಗವಾಗಿತ್ತು. ಈ ಹಾಸಿಗೆ ಬಿಚ್ಚುವಾಗಲೂ ನಡುವೆ ಆ ತಗ್ಗು ಕಂಡಿತ್ತು. ಎಷ್ಟು ಕೆಟ್ಟಿದೆ ಎಂದುಕೊಂಡೇ ಕೋಲು ಎತ್ತಿದ್ದ. ಗೋಡೆ ಬಿಚ್ಚಿಬಿಡಲೇ ಎಂದು ಕೇಳಿದ. ಬಿಚ್ಚಿದರೂ ಸಿಗುವುದು ಹತ್ತಿ ಮಾತ್ರ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅನಂತಪದ್ಮನಾಭಯ್ಯನವರ ವ್ಯಾನು ಬೇರೆ ಅಡುಗೆಯವಳನ್ನು ಹತ್ತಿಸಿಕೊಂಡು ಹೊರಟಿತು. ನಂಜಯ್ಯ ಹೋಗಿ ನೋಡಲಿಲ್ಲ. ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಒಳಗಿನಿಂದ ಚೆಲುವಮ್ಮ ಬಂದು ಅವನೆದುರು ಕೂತಳು. ಅವಳ ಕೈ ಅವನ ತಲೆಯ ಮೇಲೆ ಬಂತು. ಕ್ಷಮಿಸಿದಳು ಎಂದುಕೊಂಡು ನಂಜಯ್ಯ ತಲೆಯನ್ನು ಇನ್ನಷ್ಟು ಬಾಗಿಸಿದ.

ಅವಳು ಅವನ ಕೂದಲಿಗೆ, ಹುಬ್ಬಿಗೆ, ಅಂಗಿಯ ಕಾಲರಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಅಂಗೈಯಲ್ಲಿ ಕೂಡಿಸಿಕೊಂಡಳು. ಇನ್ನು ಸಿಗುವುದಿಲ್ಲವೆಂದಾದ ಮೇಲೆ ಮುಷ್ಟಿ ಮುಚ್ಚಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಎಳೆಗಳಲ್ಲಿ ಮುಕ್ಕಾಲು ಪಾಲು ಪೇಟೆಯ ಹೊಸ ಹತ್ತಿ. ನಂಜಯ್ಯ ಅದೊಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ.